ಹೆಸರೇ ಸಮಾಧಿಯಾದವರು: ನ್ಯೂವ್ ಶಾಪೆಲ್ ಗ್ರಾಮದ ಭಾರತೀಯ ಯುದ್ಧ ಸ್ಮಾರಕ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಫ್ರಾನ್ಸ್ ದೇಶದ ಹಳ್ಳಿಯೊಂದರ ಮಾತೇಕೆಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಶತಮಾನೋತ್ಸವವೆಂಬುದು ಸ್ಮರಣೆಯ ಹಬ್ಬವಷ್ಟೆ. ನಮಗಿಂತ ಮೊದಲು ಈ ದೇವಾಲಯದಲ್ಲಿ ಮೊಣಕಾಲೂರಿದವರು ಯಾರು, ಇದರ ಗೋಡೆಗೆ ಕಲ್ಲು ಹೊತ್ತವರು ಯಾರು ಎಂದು ತಿಳಿಯಬಯಸಿ ನಾವು ಹಳೆಯ ದಾಖಲೆ ಪುಸ್ತಕಗಳನ್ನು ತೆರೆಯುತ್ತೇವೆ. ಅಲ್ಲಿ ನಮಗೆ ದೊರೆಯುವುದು ಬಹುಮಟ್ಟಿಗೆ ಹೆಸರುಗಳು ಮಾತ್ರ: ಜ್ಞಾನಸ್ನಾನ ಪಡೆದವರ ಹೆಸರು, ವಿವಾಹವಾದವರ ಹೆಸರು, ಮಣ್ಣಿಗೆ ಸೇರಿದವರ ಹೆಸರು. ಅವರ ಮುಖ ನಮಗೆ ತಿಳಿಯದು, ದನಿ ತಿಳಿಯದು, ಹೆಸರೊಂದು ಉಳಿದಿದೆ. ಅದೂ ಇಲ್ಲದೆ ಹೋಗಿದ್ದರೆ ಅವರು ಈ ನೆಲದ ಮೇಲೆ ಬಾಳಿದ್ದರೆಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಹೆಸರನ್ನು ಬರೆದಿಡುವುದು ಎಷ್ಟು ದೊಡ್ಡ ಕಾರ್ಯ, ಬರೆಯದೆ ಬಿಡುವುದು ಎಷ್ಟು ದೊಡ್ಡ ಅನ್ಯಾಯ ಎಂಬುದನ್ನು ಕಲ್ಲಿನಲ್ಲಿ ತೋರಿಸಿಕೊಡುವ ಸ್ಥಳಗಳಲ್ಲಿ ಉತ್ತರ ಫ್ರಾನ್ಸಿನ ನ್ಯೂವ್ ಶಾಪೆಲ್ ಒಂದು. ಆ ಪುಟ್ಟ ಗ್ರಾಮದ ಹೊರವಲಯದಲ್ಲಿ, ದಾರಿಗಳು ಕೂಡುವೆಡೆಯಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಹೊತ್ತ ಸ್ಮಾರಕವಿದೆ. ಅವರೆಲ್ಲರೂ ಸಮಾಧಿಯ ಗುರುತಿಲ್ಲದವರು. 1927ರಲ್ಲಿ ಅನಾವರಣಗೊಂಡ ಈ ಸ್ಮಾರಕಕ್ಕೆ 2027ಕ್ಕೆ ನೂರು ವರ್ಷ. ಹೀಗೆ ನಮ್ಮ ದೇವಾಲಯಕ್ಕೆ ಅದು ವಯಸ್ಸಿನಲ್ಲಿಯೂ ನೆರೆಯದೇ ಸರಿ.

ಹೆಸರಿನಲ್ಲೇ ಗುಡಿಯಿರುವ ಹಳ್ಳಿ

ಫ್ರೆಂಚ್ ಭಾಷೆಯಲ್ಲಿ ನ್ಯೂವ್ ಶಾಪೆಲ್ ಎಂದರೆ ‘ಹೊಸ ಪ್ರಾರ್ಥನಾಲಯ’. ಪಾ ದ ಕಾಲೆ ಎಂಬ ಪ್ರಾಂತದಲ್ಲಿ, ಬೆತ್ಯೂನ್ ಪಟ್ಟಣದಿಂದ ಹೆಚ್ಚು ದೂರವಿಲ್ಲದ ಈ ಗ್ರಾಮದ ಸುತ್ತಲೂ ಸಮತಟ್ಟಾದ ತೇವದ ನೆಲ. ಅಗೆದಲ್ಲಿ ನೀರು. ಸೈನಿಕರು ಆಳವಾದ ಕಂದಕ ತೋಡಲಾರದೆ, ಮಣ್ಣಿನ ಚೀಲಗಳನ್ನು ಪೇರಿಸಿ ಎದೆಯೆತ್ತರದ ಗೋಡೆ ಕಟ್ಟಿಕೊಂಡು ಅದರ ಮರೆಯಲ್ಲಿ ನಿಲ್ಲಬೇಕಾಗಿತ್ತು. ಬೇಸಾಯಗಾರರ ಮನೆಗಳು, ಹಣ್ಣಿನ ತೋಟಗಳು, ನಡುವೆ ದೇವಾಲಯ, ಅದರ ಪಕ್ಕದಲ್ಲಿ ಸ್ಮಶಾನ. ನಮ್ಮ ಯಾವುದೇ ಕ್ರೈಸ್ತ ಗ್ರಾಮದವರಿಗೆ ಪರಿಚಿತವೆನಿಸಬಹುದಾದ ಚಿತ್ರವಿದು.

1914ರ ಶರತ್ಕಾಲದಲ್ಲಿ ಯುದ್ಧದ ಗೆರೆ ಈ ಹಳ್ಳಿಯ ಮೇಲೆಯೇ ಹಾದುಹೋಯಿತು. ನಾಲ್ಕು ವರ್ಷಗಳ ಕಾಲ ಅದು ಒಮ್ಮೆ ಈ ಪಕ್ಷದ ಕೈಗೆ, ಒಮ್ಮೆ ಆ ಪಕ್ಷದ ಕೈಗೆ ಸಿಕ್ಕಿ ನುಗ್ಗಾಯಿತು. ಮನೆಗಳು ಉಳಿಯಲಿಲ್ಲ, ದೇವಾಲಯವೂ ಉಳಿಯಲಿಲ್ಲ. ಇಂದು ಅಲ್ಲಿ ಕಾಣುವುದೆಲ್ಲ ಯುದ್ಧ ಮುಗಿದ ಮೇಲೆ ಮರಳಿ ಬಂದ ಜನ ಮತ್ತೆ ಕಟ್ಟಿಕೊಂಡದ್ದು.

ಕಡಲು ದಾಟಿ ಬಂದವರು

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಬ್ರಿಟನ್ನಿನ ಬಳಿ ಇದ್ದ ತರಬೇತಾದ ಸೈನ್ಯ ಚಿಕ್ಕದು. ಮೊದಲ ವಾರಗಳಲ್ಲಿಯೇ ಅದು ಕರಗತೊಡಗಿತು. ಆ ಬಿರುಕನ್ನು ತುಂಬಲು ಭಾರತದಿಂದ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳನ್ನು ಹಡಗು ಹತ್ತಿಸಲಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ಅವರ ಮೊದಲ ತಂಡಗಳು ಮಾರ್ಸೆಲ್ಸ್ ಬಂದರಿನಲ್ಲಿ ಇಳಿದವು. ಪಂಜಾಬಿನ ಸಿಖ್ಖರು ಮತ್ತು ಮುಸಲ್ಮಾನರು, ಗಢವಾಲದ ಬೆಟ್ಟದ ಜನ, ಗೂರ್ಖರು, ಪಠಾಣರು, ಡೋಗ್ರರು, ಜಾಟರು ಆ ಸೈನ್ಯದಲ್ಲಿದ್ದರು. ಅವರಲ್ಲಿ ಬಹುಪಾಲಿನವರು ಬೇಸಾಯದ ಮನೆಗಳ ಮಕ್ಕಳು. ಬಿಸಿಲ ನಾಡಿಗೆ ಹೊಲಿದ ಹತ್ತಿಯ ಸಮವಸ್ತ್ರದಲ್ಲಿಯೇ ಅವರು ಯೂರೋಪಿನ ಚಳಿಗಾಲಕ್ಕೆ ಕಾಲಿಟ್ಟರು.

ನ್ಯೂವ್ ಶಾಪೆಲ್ ಗ್ರಾಮಕ್ಕೆ ಭಾರತೀಯರ ರಕ್ತ ಬಿದ್ದದ್ದು ಆ ವರ್ಷವೇ. 1914ರ ಅಕ್ಟೋಬರ್ 28ರಂದು 47ನೆಯ ಸಿಖ್ ಪಟಾಲಮ್ಮಿನವರೂ ಸ್ಯಾಪರ್ಸ್ ಅಂಡ್ ಮೈನರ್ಸ್ ದಳದ ಎರಡು ಕಂಪನಿಗಳವರೂ ಜರ್ಮನರ ವಶದಲ್ಲಿದ್ದ ಹಳ್ಳಿಯೊಳಗೆ ನುಗ್ಗಿ, ಮನೆಯಿಂದ ಮನೆಗೆ ಕಾದಾಡಿ, ನೆರವು ಒದಗದೆ ಅಪಾರ ನಷ್ಟದೊಡನೆ ಹಿಂದಕ್ಕೆ ಸರಿಯಬೇಕಾಯಿತು. ಆ ಚಳಿಗಾಲವಿಡೀ ಭಾರತೀಯ ಸೈನ್ಯ ಈ ಕೆಸರಿನ ಸೀಮೆಯಲ್ಲೇ ನಿಂತಿತು.

ಈ ಸಿಪಾಯಿಗಳಲ್ಲಿ ಅನೇಕರಿಗೆ ಓದು ಬರಹ ಬಾರದು. ಬರೆಯಬಲ್ಲವರಿಂದ ಹೇಳಿ ಬರೆಸಿದ ಕಾಗದಗಳು ಊರಿಗೆ ಹೋಗುತ್ತಿದ್ದವು. ಸೈನ್ಯದ ಅಧಿಕಾರಿಗಳು ಅವನ್ನು ಓದಿ, ಇಂಗ್ಲಿಷಿಗೆ ತಿರುಗಿಸಿ ಆಯ್ದ ಭಾಗಗಳನ್ನು ಕಡತದಲ್ಲಿಟ್ಟುಕೊಂಡರು. ಹೀಗೆ ಅನುಮಾನದ ಕಣ್ಣಿಗೆ ಸಿಕ್ಕಿದ್ದರಿಂದಲೇ ಆ ದನಿಗಳು ಇಂದಿಗೂ ಉಳಿದಿರುವುದು ಇತಿಹಾಸದ ವಿಚಿತ್ರ. ಕಾಗದಗಳನ್ನು ಓದುವವರ ಕಣ್ಣು ತಪ್ಪಿಸಲು ಕೆಲವರು ಅಡಿಗೆಮನೆಯ ಮಾತನ್ನು ಬಳಸಿದರು: ಕರಿಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ. ಕರಿಮೆಣಸು ಮುಗಿಯುತ್ತ ಬಂದಿದೆಯೆಂದು ಕಾಗದ ಬಂದರೆ ಊರಿನವರು ಅರ್ಥಮಾಡಿಕೊಳ್ಳಬೇಕಾಗಿತ್ತು.

1915ರ ಮಾರ್ಚ್ 10

ಸ್ಮಾರಕ ಇದೇ ಹಳ್ಳಿಯಲ್ಲಿ ಎದ್ದು ನಿಂತಿರುವುದಕ್ಕೆ ಕಾರಣ 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ಕದನ. ಕಂದಕಗಳ ಯುದ್ಧ ಆರಂಭವಾದ ಮೇಲೆ ಬ್ರಿಟಿಷ್ ಸೈನ್ಯ ತಾನಾಗಿಯೇ ಯೋಜಿಸಿ ನಡೆಸಿದ ಮೊದಲ ದೊಡ್ಡ ಆಕ್ರಮಣವಿದು. ವಿಮಾನದಿಂದ ತೆಗೆದ ಛಾಯಾಚಿತ್ರಗಳ ಆಧಾರದ ಮೇಲೆ ಶತ್ರುವಿನ ಕಂದಕಗಳ ನಕ್ಷೆ ಬರೆದು ಹಂಚಲಾಗಿತ್ತು. ಜನರಲ್ ಡಗ್ಲಸ್ ಹೇಗ್ ಅವರ ಕೈಕೆಳಗೆ ಬ್ರಿಟಿಷರ ಒಂದು ದಳ, ಜನರಲ್ ಜೇಮ್ಸ್ ವಿಲ್ಕಾಕ್ಸ್ ಅವರ ನೇತೃತ್ವದ ಭಾರತೀಯ ದಳ, ಎರಡೂ ಜೊತೆಯಾಗಿ ಮುನ್ನುಗ್ಗಬೇಕಾಗಿತ್ತು.

ಬೆಳಗಿನ 7-30ಕ್ಕೆ ಫಿರಂಗಿಗಳು ಗುಡುಗಿದವು. 35 ನಿಮಿಷಗಳ ನಂತರ ಕಾಲಾಳುಗಳು ಎದ್ದರು. ಭಾರತೀಯರ ಕಡೆಯಿಂದ ಮೊದಲು ಹೊರಟದ್ದು ಮೀರತ್ ಡಿವಿಜನ್ನಿನ ಗಢವಾಲ್ ಬ್ರಿಗೇಡ್. ಅಂದು ಬೆಳಿಗ್ಗೆಯೇ ಹಳ್ಳಿ ಕೈವಶವಾಯಿತು. ಅಷ್ಟಕ್ಕೇ ಜಯವೂ ನಿಂತಿತು. ಮುಂದೆ ಹೋದವರಿಗೂ ಹಿಂದೆ ಉಳಿದ ಸೇನಾಪತಿಗಳಿಗೂ ನಡುವೆ ಸಂಪರ್ಕ ತಪ್ಪಿತು. ಆಜ್ಞೆಗಳು ಗಂಟೆಗಟ್ಟಲೆ ತಡವಾದವು. ಅಷ್ಟರಲ್ಲಿ ಜರ್ಮನರು ಹಿಂದಿನ ಸಾಲನ್ನು ಭದ್ರಪಡಿಸಿಕೊಂಡರು. ಮೂರು ದಿನಗಳ ಮೇಲೆ ಗುಂಡು ಮದ್ದೂ ತೀರುತ್ತ ಬಂದು ಕದನ ನಿಂತಾಗ, ದೊರೆತ ನೆಲದ ಆಳ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಅದಕ್ಕಾಗಿ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 11,000ಕ್ಕೂ ಮಿಕ್ಕು; ಅವರಲ್ಲಿ 4,000ಕ್ಕೂ ಹೆಚ್ಚು ಮಂದಿ ಭಾರತೀಯ ದಳದವರು. ಎದುರು ಪಕ್ಷದ ಜರ್ಮನ್ ತಾಯಂದಿರೂ ಸಾವಿರಾರು ಮಕ್ಕಳನ್ನು ಕಳೆದುಕೊಂಡರೆಂಬುದನ್ನು ನಾವು ಮರೆಯಲಾಗದು.

ಆ ಬೆಳಿಗ್ಗೆ ಬಿದ್ದವರಲ್ಲಿ ಗಬ್ಬರ್ ಸಿಂಗ್ ನೇಗಿಯವರೊಬ್ಬರು. 39ನೆಯ ಗಢವಾಲ್ ರೈಫಲ್ಸಿನ ಎರಡನೆಯ ಬೆಟಾಲಿಯನ್ನಿನ ಸಿಪಾಯಿ; ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕೈಬಾಂಬಿನ ತಂಡದೊಡನೆ ಶತ್ರುವಿನ ಕಂದಕದೊಳಗೆ ಇಳಿದು, ಪ್ರತಿಯೊಂದು ತಿರುವಿನಲ್ಲೂ ತಾವೇ ಮೊದಲು ಹೆಜ್ಜೆಯಿಟ್ಟು, ಎದುರಾಳಿಗಳು ಶರಣಾಗುವವರೆಗೆ ಅಟ್ಟಿಕೊಂಡು ಹೋದರು. ಆ ಕಾಳಗದಲ್ಲಿಯೇ ಪ್ರಾಣ ಬಿಟ್ಟರು. ಮರಣಾನಂತರ ಅವರಿಗೆ ವಿಕ್ಟೋರಿಯ ಕ್ರಾಸ್ ಪದಕ ಸಂದಿತು. ದೇಹ ಮಾತ್ರ ಯಾವ ಗುರುತಿನ ಸಮಾಧಿಗೂ ಸೇರಲಿಲ್ಲ. ಇಂದು ಗಢವಾಲದ ಚಂಬಾದಲ್ಲಿ ಅವರ ಸ್ಮಾರಕವಿದೆ. ಏಪ್ರಿಲ್ ತಿಂಗಳಲ್ಲಿ ಅವರ ಹೆಸರಿನಲ್ಲಿ ಜಾತ್ರೆ ನಡೆಯುತ್ತದೆ. ಅವರು ಬಿದ್ದ ನೆಲದಲ್ಲಿ ಅವರಿಗಿರುವುದು ನ್ಯೂವ್ ಶಾಪೆಲ್ಲಿನ ಗೋಡೆಯ ಮೇಲೆ ಕೆತ್ತಿದ ಒಂದು ಸಾಲು. ಪದಕ ಪಡೆದ ಅವರ ಹೆಸರಿಗೂ ಪದಕವಿಲ್ಲದವರ ಹೆಸರಿಗೂ ಆ ಗೋಡೆಯ ಮೇಲೆ ಒಂದೇ ಕಲ್ಲು.

ಸ್ಮಾರಕದ ರೂಪ

ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಬ್ರಿಟನ್ನಿನಲ್ಲಿ ಒಂದು ಆಯೋಗ ರಚನೆಯಾಯಿತು. ಇದೇ ಇಂದಿನ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ. ಪದವಿ, ಕುಲ, ಮತಗಳ ಭೇದವಿಲ್ಲದೆ ಸತ್ತ ಪ್ರತಿಯೊಬ್ಬನ ಹೆಸರನ್ನೂ ಶಾಶ್ವತವಾಗಿ ಉಳಿಸಬೇಕೆಂಬುದು ಅದರ ತತ್ತ್ವ. ಶ್ರೀಮಂತರ ಮಗನಿಗೆ ದೊಡ್ಡ ಕಲ್ಲು, ಬಡವನ ಮಗನಿಗೆ ಸಣ್ಣ ಕಲ್ಲು ಎಂಬ ಹಳೆಯ ಪದ್ಧತಿಗೆ ಇದು ವಿರುದ್ಧವಾದುದು. ಈ ತತ್ತ್ವ ಎಷ್ಟರ ಮಟ್ಟಿಗೆ ನಡೆಯಿತೆಂಬುದನ್ನು ಮುಂದೆ ನೋಡೋಣ.

ನ್ಯೂವ್ ಶಾಪೆಲ್ ಸ್ಮಾರಕದ ವಿನ್ಯಾಸ ಮಾಡಿದವರು ಸರ್ ಹರ್ಬರ್ಟ್ ಬೇಕರ್. ನವದೆಹಲಿಯ ಸರ್ಕಾರಿ ಭವನಗಳ ನಿರ್ಮಾಣದಲ್ಲಿ ಲಟ್ಯೆನ್ಸರ ಜೊತೆಗಿದ್ದ ವಾಸ್ತುಶಿಲ್ಪಿ. ಪ್ರಾಚೀನ ಭಾರತದ ಸ್ತೂಪಗಳ ಸುತ್ತ ಇರುತ್ತಿದ್ದ ಕಲ್ಲಿನ ಕಟಾಂಜನದಂತೆ ಇಲ್ಲಿಯೂ ದುಂಡಗಿನ ಆವರಣವಿದೆ. ವೃತ್ತದ ಒಂದು ಭಾಗ ಜಾಲಂಧ್ರದಂತೆ ತೆರೆದಿದ್ದರೆ, ಇನ್ನೊಂದು ಭಾಗ ಭದ್ರವಾದ ಗೋಡೆ. ಹೆಸರುಗಳಿರುವುದು ಆ ಗೋಡೆಯ ಮೇಲೆ. ಸಿಪಾಯಿಗಳ ಜೊತೆಗೆ ಕೂಲಿ ದಳದವರ ಹೆಸರುಗಳೂ ಅಲ್ಲಿವೆ. ಮುಂಭಾಗದಲ್ಲಿ ಸುಮಾರು 15 ಮೀಟರ್ ಎತ್ತರದ ಸ್ತಂಭ. ಅದರ ತುದಿಯಲ್ಲಿ ಕಮಲ, ಕಮಲದ ಮೇಲೆ ಬ್ರಿಟಿಷ್ ಕಿರೀಟ ಮತ್ತು ಭಾರತದ ನಕ್ಷತ್ರ. ಸ್ತಂಭದ ಎರಡು ಪಕ್ಕಗಳಲ್ಲಿ ಕಾವಲಿಗೆ ಕುಳಿತ ಎರಡು ಕಲ್ಲಿನ ಹುಲಿಗಳು. ದೇವರು ಒಬ್ಬನೇ, ಜಯವು ಆತನದೇ ಎಂಬ ಅರ್ಥದ ಮಾತನ್ನು ಸ್ತಂಭದ ಬುಡದಲ್ಲಿ ಇಂಗ್ಲಿಷಿನಲ್ಲಿ ಕೆತ್ತಿ, ಅದಕ್ಕೆ ಹೊಂದುವ ನುಡಿಗಳನ್ನು ಅರಬ್ಬಿ, ಹಿಂದಿ ಮತ್ತು ಗುರುಮುಖಿಗಳಲ್ಲಿಯೂ ಬರೆಯಲಾಗಿದೆ. ಹಿಂದೂ, ಮುಸಲ್ಮಾನ, ಸಿಖ್ಖ, ಕ್ರೈಸ್ತ ಯಾರು ಬಂದು ನಿಂತರೂ ಪರಕೀಯರೆನಿಸದ ಮಾತದು.

ಆ ಸ್ತಂಭಕ್ಕೆ ಮಾದರಿಯಾದದ್ದು ಅಶೋಕ ಚಕ್ರವರ್ತಿಯ ಸ್ತಂಭಗಳು. ಈ ಆಯ್ಕೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಕಳಿಂಗ ಯುದ್ಧದ ಸಾವು ನೋವುಗಳನ್ನು ಕಂಡು ಪಶ್ಚಾತ್ತಾಪಪಟ್ಟು, ಆ ಪಶ್ಚಾತ್ತಾಪವನ್ನೇ ಕಲ್ಲಿನ ಮೇಲೆ ಬರೆಸಿದ ಅರಸನವನು. ಕಾಕತಾಳೀಯವೆಂಬಂತೆ, ನ್ಯೂವ್ ಶಾಪೆಲ್ಲಿನಲ್ಲಿ ಕದನ ನಡೆದ 1915ರಲ್ಲಿಯೇ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಬಂಡೆಗಲ್ಲಿನ ಶಾಸನ ಪತ್ತೆಯಾಯಿತು. ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಲ್ಲಿ ಮರೆಯಾಗಿದ್ದ ಶಾಸನಕರ್ತ ಅಶೋಕನೇ ಎಂಬುದನ್ನು ದೃಢಪಡಿಸಿದ್ದು ಆ ಶಾಸನದಲ್ಲಿದ್ದ ಅವನ ಹೆಸರು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಚಕ್ರವರ್ತಿಯೊಬ್ಬನಿಗೆ ಅವನ ಇತಿಹಾಸವನ್ನು ಮರಳಿ ಕೊಟ್ಟದ್ದು ಕಲ್ಲಿನ ಮೇಲಿನ ಒಂದು ಹೆಸರು.

ಕನ್ನಡಿಗರಿಗೆ ಕಲ್ಲಿನ ಈ ಭಾಷೆ ಹೊಸದೇನೂ ಅಲ್ಲ. ಊರಳಿವಿನಲ್ಲಿ, ತುರುಗೋಳಿನಲ್ಲಿ ಹೋರಾಡಿ ಮಡಿದವರಿಗೆ ನಮ್ಮ ಹಳ್ಳಿಗಳು ವೀರಗಲ್ಲು ನೆಡುತ್ತಿದ್ದವು. ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲು ಶಾಸನವೊಂದಿದೆ. ‘ಬೆಂಗಳೂರು ಕಾಳಗ’ದಲ್ಲಿ ಮಡಿದ, ನಾಗತ್ತರನ ಕಡೆಯ ಬುಟ್ಟಣಸೆಟ್ಟಿಯ ನೆನಪಿಗೆ ಅದನ್ನು ನಿಲ್ಲಿಸಲಾಯಿತು. ಒಬ್ಬ ಆಳಿನ ಹೆಸರನ್ನು ಉಳಿಸಲು ನೆಟ್ಟ ಕಲ್ಲು ಇಂದು ಮಹಾನಗರವೊಂದರ ಹೆಸರಿನ ಪ್ರಾಚೀನತೆಗೂ ಸಾಕ್ಷಿಯಾಗಿದೆ. ನ್ಯೂವ್ ಶಾಪೆಲ್ಲಿನ ಗೋಡೆಯನ್ನು ನಾವು 4,700 ವೀರಗಲ್ಲುಗಳ ಒಂದು ಸಾಲೆಂದು ಓದಬಹುದು.

ಅನಾವರಣದ ದಿನ

1927ರ ಅಕ್ಟೋಬರ್ 7ರಂದು ಅರ್ಲ್ ಆಫ್ ಬರ್ಕನ್‌ಹೆಡ್ ಅವರು ಸ್ಮಾರಕವನ್ನು ಅನಾವರಣಗೊಳಿಸಿದರು. ಕಪೂರ್ಥಲದ ಮಹಾರಾಜರು ಬಂದಿದ್ದರು. ಯುದ್ಧದಲ್ಲಿ ಹೋರಾಡಿ ಬದುಕುಳಿದ ಭಾರತೀಯ ಸೈನಿಕರ ದೊಡ್ಡ ತಂಡವೇ ಬಂದಿತ್ತು. ಮಿತ್ರಸೈನ್ಯಗಳ ಮಹಾದಂಡನಾಯಕರಾಗಿದ್ದ ಫ್ರಾನ್ಸಿನ ಮಾರ್ಷಲ್ ಫೋಶ್ ಮಾತನಾಡಿ, ಉತ್ತರದ ಈ ತಣ್ಣನೆಯ ನೆಲವನ್ನು ನಿಮ್ಮವರು ರಕ್ತದಿಂದ ತೋಯಿಸಿದರೆಂದು ನಿಮ್ಮ ಬಿಸಿಲ ನಾಡಿಗೆ ಹಿಂದಿರುಗಿ ಸಾರಿರಿ ಎಂಬ ಭಾವದ ಮಾತುಗಳನ್ನಾಡಿದರು.

ಆ ಸಭೆಯಲ್ಲಿ ಲೇಖಕ ರಡ್ಯಾರ್ಡ್ ಕಿಪ್ಲಿಂಗರೂ ಇದ್ದರು. ಸಾಮ್ರಾಜ್ಯದ ಹಿರಿಮೆಯನ್ನು ಹಾಡಿದವರೆಂದು ಅವರನ್ನು ನಮ್ಮ ಜನ ಬಲ್ಲರು. ಆದರೆ ಅಂದು ಅವರು ಬರಿಯ ಲೇಖಕರಾಗಿರಲಿಲ್ಲ; ಮಗನನ್ನು ಕಳೆದುಕೊಂಡ ತಂದೆಯೂ ಆಗಿದ್ದರು. ಅವರ ಒಬ್ಬನೇ ಮಗ ಜಾನ್ 1915ರ ಸೆಪ್ಟೆಂಬರಿನಲ್ಲಿ, ಅಲ್ಲಿಂದ ಕೆಲವೇ ಮೈಲಿ ದೂರದ ಲೂಸ್ ಕದನದಲ್ಲಿ ಕಾಣೆಯಾಗಿದ್ದನು. ವಯಸ್ಸು 18. ತಂದೆ ಬದುಕಿರುವವರೆಗೂ ಆ ಮಗನ ಸಮಾಧಿ ಸಿಕ್ಕಲಿಲ್ಲ. ಮಗನ ಗುಂಡಿ ಎಲ್ಲಿದೆಯೆಂದು ತಿಳಿಯದ ಆ ಆಂಗ್ಲ ತಂದೆಯ ಸ್ಥಿತಿಗೂ, ಪಂಜಾಬಿನ ಹಳ್ಳಿಯಲ್ಲಿ ಬಾಗಿಲ ಕಡೆ ನೋಡುತ್ತ ಕುಳಿತ ತಾಯಿಯ ಸ್ಥಿತಿಗೂ ಆ ಒಂದು ವಿಷಯದಲ್ಲಿ ಅಂತರವಿರಲಿಲ್ಲ. ಅಂತರವಿದ್ದದ್ದು ಇಷ್ಟೇ: ಆತ ಬಂದು ಕಲ್ಲಿನ ಮುಂದೆ ನಿಲ್ಲಬಲ್ಲವನಾಗಿದ್ದ, ಆಕೆಗೆ ಆ ಕಲ್ಲು ಎಂದೂ ಕಾಣಲಾರದು.

ನಂತರದ ವರ್ಷಗಳಲ್ಲಿಯೂ ಈ ಸ್ಥಳಕ್ಕೆ ಹೆಸರುಗಳು ಬಂದು ಸೇರಿದವು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳುಗಳಾಗಿ ಮಡಿದ ಭಾರತೀಯ ಸೈನಿಕರಲ್ಲಿ ಒಂಬತ್ತು ಮಂದಿಯ ಅವಶೇಷಗಳನ್ನು 1960ರಲ್ಲಿ ಸಮಾಧಿಯಿಂದ ತೆಗೆದು ಅಗ್ನಿಸಂಸ್ಕಾರ ಮಾಡಿ, ಗುರುತು ಸಿಕ್ಕ ಎಂಟು ಮಂದಿಯ ಹೆಸರುಗಳನ್ನು ಇಲ್ಲಿ ಕೆತ್ತಿದರು. ಜರ್ಮನಿಯ ಸೆರೆಯಲ್ಲಿ ಸತ್ತು ಜೆಹ್ರೆನ್ಸ್‌ಡಾರ್ಫ್ ಎಂಬಲ್ಲಿ ಮಣ್ಣಾದ 210 ಮಂದಿಯ ಹೆಸರಿನ ಕಂಚಿನ ಫಲಕವೊಂದನ್ನು 1964ರಲ್ಲಿ ಇಟ್ಟರು. ಆಗ ಪೂರ್ವ ಜರ್ಮನಿಯಲ್ಲಿದ್ದ ಆ ಸ್ಮಶಾನವನ್ನು ನೋಡಿಕೊಳ್ಳುವುದು ಅಸಾಧ್ಯವಾಗಿತ್ತು. 2015ರ ಏಪ್ರಿಲಿನಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಇಲ್ಲಿಗೆ ಬಂದು ಗೌರವ ಸಲ್ಲಿಸಿದರು. 2023ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮ ರಣರಂಗದ 139 ಸಮಾಧಿ ಮತ್ತು ಸ್ಮರಣ ಸ್ಥಳಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸ್ಮಾರಕಕ್ಕೂ ಅದರಲ್ಲಿ ಸ್ಥಾನ ದೊರೆಯಿತು.

ಅಂಗಹೀನನಾದ ಪಾಡುಪಟ್ಟ ಸ್ವರೂಪ

ಭಾರತೀಯ ಸ್ಮಾರಕದ ಸನಿಹದಲ್ಲಿಯೇ ಪೋರ್ಚುಗೀಸ್ ಸೈನಿಕರ ಸ್ಮಶಾನವಿದೆ. ಅಲ್ಲಿರುವ ಸಮಾಧಿಗಳು 1,831. 1915ರ ಕೊನೆಯಲ್ಲಿ ಭಾರತೀಯ ಕಾಲ್ದಳಗಳನ್ನು ಮೆಸೊಪೊಟೇಮಿಯಕ್ಕೆ ಕಳುಹಿಸಲಾಯಿತು. 1917ರಿಂದ ಈ ಸೀಮೆಯನ್ನು ಕಾಯುವ ಹೊಣೆ ಪೋರ್ಚುಗೀಸರ ಪಾಲಿಗೆ ಬಂದಿತು. ನ್ಯೂವ್ ಶಾಪೆಲ್ಲಿನ ಬಳಿ ದಾರಿಯ ಬದಿಯಲ್ಲಿ ಹಳ್ಳಿಯವರು ನಿಲ್ಲಿಸಿದ ಪಾಡುಪಟ್ಟ ಸ್ವರೂಪವೊಂದಿತ್ತು. 1918ರ ಏಪ್ರಿಲ್ 9ರಂದು ಜರ್ಮನರ ಮಹಾ ಆಕ್ರಮಣದಲ್ಲಿ ಪೋರ್ಚುಗೀಸ್ ಸೈನ್ಯ ಚೂರುಚೂರಾಯಿತು. ಆ ಸ್ವರೂಪವೂ ಗುಂಡಿನೇಟಿಗೆ ಸಿಕ್ಕಿ ಕಾಲುಗಳನ್ನೂ ಒಂದು ಕೈಯನ್ನೂ ಕಳೆದುಕೊಂಡಿತು. ಸೈನಿಕರ ಪಾಲಿಗೆ ಅದು ‘ಕಂದಕಗಳ ಕ್ರಿಸ್ತ’ನಾಯಿತು. 1958ರಲ್ಲಿ ಫ್ರಾನ್ಸ್ ಆ ಸ್ವರೂಪವನ್ನು ಪೋರ್ಚುಗಲ್ಲಿಗೆ ಒಪ್ಪಿಸಿತು. ಅಂದಿನಿಂದ ಅದು ಬಟಾಲ್ಯ ಮಠದಲ್ಲಿ, ಹೆಸರು ತಿಳಿಯದ ಸೈನಿಕರ ಸಮಾಧಿಯ ತಲೆದೆಸೆಯಲ್ಲಿದೆ. ಅದನ್ನು ಯಾರೂ ದುರಸ್ತಿ ಮಾಡಿಸಲಿಲ್ಲ. ಹೆಸರಿಲ್ಲದವರ ಬಳಿ ನಿಂತ ಪ್ರಭುವಿನ ರೂಪವೂ ಅಂಗಹೀನವಾಗಿಯೇ ಇರಲೆಂದು ಬಿಟ್ಟಂತಿದೆ.

ನಮ್ಮ ನಾಡಿನ ಧರ್ಮಸಭೆಯನ್ನೂ ಆ ಯುದ್ಧ ಮುಟ್ಟದೆ ಬಿಡಲಿಲ್ಲ. ಮೈಸೂರು ಸೀಮೆಯ ಕಥೋಲಿಕ ಮಿಷನ್ ಆ ಕಾಲದಲ್ಲಿ ಪ್ಯಾರಿಸ್ಸಿನ ಪರದೇಶ ಮಿಷನ್ ಸಂಸ್ಥೆಯ ಗುರುಗಳ ಕೈಯಲ್ಲಿತ್ತು. ಫ್ರಾನ್ಸಿನ ಕಾನೂನು ಗುರುಗಳಿಗೂ ಸೈನ್ಯಸೇವೆಯಿಂದ ವಿನಾಯಿತಿ ಕೊಡುತ್ತಿರಲಿಲ್ಲವಾದ್ದರಿಂದ, ಏಷ್ಯಾದ ನಾನಾ ಮಿಷನ್ನುಗಳಲ್ಲಿ ದುಡಿಯುತ್ತಿದ್ದ ಆ ಸಂಸ್ಥೆಯ ಅನೇಕ ಗುರುಗಳು ಯುದ್ಧಕ್ಕೆ ಕರೆ ಬಂದು ಹೊರಡಬೇಕಾಯಿತು.

ಇನ್ನೊಂದು ಗುರುತು ಪ್ರತಿ ವರ್ಷವೂ ನಮ್ಮ ಕಣ್ಣ ಮುಂದೆ ಬರುತ್ತದೆ, ಆದರೆ ಅದು ಯುದ್ಧದ ಗುರುತೆಂದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಯುದ್ಧ ಆರಂಭವಾದ ಮರು ತಿಂಗಳು ಪೋಪ್ ಪದವಿಗೇರಿದ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು 1914ರ ಕ್ರಿಸ್ತಜಯಂತಿಗೆ ಕದನ ವಿರಾಮ ಬೇಡಿದರು. 1917ರ ಆಗಸ್ಟ್ 1ರಂದು ಯುದ್ಧನಿರತ ರಾಷ್ಟ್ರಗಳಿಗೆ ಪತ್ರ ಬರೆದು ಈ ನಿರರ್ಥಕ ನರಹತ್ಯೆಯನ್ನು ನಿಲ್ಲಿಸಿರೆಂದು ಮೊರೆಯಿಟ್ಟರು. ಯಾರೂ ಕಿವಿಗೊಡಲಿಲ್ಲ. ಜೀವಂತರನ್ನು ಉಳಿಸಲಾಗದಿದ್ದರೂ ಸತ್ತವರನ್ನು ಅವರು ಮರೆಯಲಿಲ್ಲ. ನ್ಯೂವ್ ಶಾಪೆಲ್ ಕದನವಾದ ಐದು ತಿಂಗಳ ಮೇಲೆ, 1915ರ ಆಗಸ್ಟ್ 10ರಂದು, ನವೆಂಬರ್ ತಿಂಗಳ ಮೃತರ ಸ್ಮರಣೆಯ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂದು ಅಪ್ಪಣೆ ಹೊರಡಿಸಿದರು. ಅದುವರೆಗೆ ಆ ಹಕ್ಕು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಿಗೂ ಅವುಗಳ ಸೀಮೆಗಳಿಗೂ ಮಾತ್ರ ಇತ್ತು. ಎಷ್ಟೊಂದು ಮಂದಿ ಯುವಕರು ಪ್ರಾರ್ಥಿಸುವವರಿಲ್ಲದೆ ಸಾಯುತ್ತಿದ್ದಾರೆಂಬ ನೋವು ಆ ಅಪ್ಪಣೆಯ ಹಿಂದಿತ್ತು. ನವೆಂಬರ್ 2ರಂದು ನಮ್ಮ ದೇವಾಲಯದ ಗಂಟೆ ಮತ್ತೆ ಮತ್ತೆ ಮೊಳಗುವಾಗ ಆ ಕಂದಕಗಳ ನೆನಪು ಅದರಲ್ಲಿ ಸೇರಿದೆ.

ಹೆಸರು ಸಿಗದವರು

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ನ್ಯೂವ್ ಶಾಪೆಲ್ಲಿನ ಗೋಡೆಯ ಮೇಲೆ ಸಾಮಾನ್ಯ ಸಿಪಾಯಿಯ ಹೆಸರೂ ಇದೆ. ಆದರೆ ಅದೇ ಆಯೋಗ ಅದೇ ಕಾಲದಲ್ಲಿ ಮೆಸೊಪೊಟೇಮಿಯದ, ಅಂದರೆ ಇಂದಿನ ಇರಾಕಿನ, ಬಸ್ರಾದಲ್ಲಿ ಕಟ್ಟಿಸಿದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿಸಿ, ಭಾರತೀಯ ಸಿಪಾಯಿಗಳನ್ನು ಇಂಥ ಪಟಾಲಮ್ಮಿನ ಇಷ್ಟು ಮಂದಿ ಎಂದು ಸಂಖ್ಯೆಯಲ್ಲಿ ಮಾತ್ರ ಸೂಚಿಸಿತು. ನಮ್ಮ ಬೆಂಗಳೂರನ್ನೇ ನೆಲೆಯಾಗಿಟ್ಟುಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ದಳದವರು ಹೋರಾಡಿದ ರಣರಂಗವದು. ಯೂರೋಪಿನ ಜನ ನೋಡುವ ಕಡೆ ಹೆಸರು, ನೋಡದ ಕಡೆ ಲೆಕ್ಕ. ಹೀಗಾಯಿತು ಸಮಾನತೆಯ ತತ್ತ್ವ. ಈ ತಾರತಮ್ಯವನ್ನು ಕುರಿತು ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲಿನಲ್ಲಿ ವರದಿ ನೀಡಿತು. ಆಫ್ರಿಕ, ಮಧ್ಯಪ್ರಾಚ್ಯಗಳಲ್ಲಿ ಮಡಿದವರಲ್ಲಿ ಕಡಮೆಯೆಂದರೂ 1,16,000 ಮಂದಿ ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ, ಇಲ್ಲವೆ ಸ್ಮರಿಸಲ್ಪಟ್ಟೇ ಇಲ್ಲವೆಂದು ಅದು ಒಪ್ಪಿಕೊಂಡಿತು. ಆಯೋಗ ಕ್ಷಮೆ ಕೇಳಿತು. ಬ್ರಿಟಿಷ್ ಸರ್ಕಾರವೂ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಸತ್ತವರಿಗೆ ಆ ಕ್ಷಮೆ ಒಂದು ಶತಮಾನ ತಡವಾಗಿ ಮುಟ್ಟಿತು.

ಬದುಕಿ ಬಂದವರಿಗೆ ಸಂದ ಪ್ರತಿಫಲವೂ ಇಂಥದೇ. ಆ ಯುದ್ಧದಲ್ಲಿ ಮಡಿದ ಭಾರತೀಯರು 74,000ಕ್ಕೂ ಹೆಚ್ಚು. ಇಷ್ಟೊಂದು ಜನರ ಬಲಿದಾನಕ್ಕೆ ಪ್ರತಿಯಾಗಿ ಸ್ವಯಮಾಡಳಿತ ಬರುವುದೆಂದು ದೇಶ ನಂಬಿತ್ತು. ಬಂದದ್ದು 1919ರ ರೌಲಟ್ ಶಾಸನ. ಆ ವರ್ಷದ ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗಿನಲ್ಲಿ ಗುಂಡಿಗೆ ಬಿದ್ದವರು, ಸಾಮ್ರಾಜ್ಯಕ್ಕಾಗಿ ಅತಿ ಹೆಚ್ಚು ಸಿಪಾಯಿಗಳನ್ನು ಕೊಟ್ಟ ಅದೇ ಪಂಜಾಬಿನ ಜನ. ಆದ್ದರಿಂದ ಈ ಸ್ಮಾರಕವನ್ನು ನೋಡುವಾಗ ನಮ್ಮ ಮನಸ್ಸಿನಲ್ಲಿ ಗೌರವವೂ ಇರಬೇಕು, ವಿವೇಕವೂ ಇರಬೇಕು. ತಲೆಬಾಗಬೇಕಾದದ್ದು ಸ್ತಂಭದ ತುದಿಯ ಕಿರೀಟಕ್ಕಲ್ಲ, ಗೋಡೆಯ ಮೇಲಿನ ಹೆಸರುಗಳಿಗೆ. ಸೈನ್ಯ ಸೇರಿದವರಲ್ಲಿ ಹಸಿವಿಗಾಗಿ ಹೋದವರಿದ್ದರು, ಮಾತಿಗಾಗಿ ಹೋದವರಿದ್ದರು, ವಂಶದ ಕಸುಬೆಂದು ಹೋದವರಿದ್ದರು. ಅವರನ್ನು ಕಳುಹಿಸಿದವರ ನ್ಯಾಯ ಅನ್ಯಾಯಗಳನ್ನು ಇತಿಹಾಸ ವಿಚಾರಿಸಲಿ. ಅವರ ಮರಣ ಮಾತ್ರ ಅವರದೇ.

ನಮ್ಮ ಪಾಲಿನ ಕೆಲಸ

ನಮ್ಮ ನಾಡಿನಲ್ಲಿಯೂ ಇಂಥ ಕಲ್ಲುಗಳಿವೆ. 1918ರ ಸೆಪ್ಟೆಂಬರ್ 23ರಂದು, ನಮ್ಮ ಪ್ರಭು ನಡೆದಾಡಿದ ಪವಿತ್ರ ನಾಡಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಅವರ ಸ್ಮಾರಕ ಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದರ ಪಕ್ಕದಲ್ಲಿ ದಿನವೂ ಹಾದುಹೋಗುವ ಸಾವಿರಾರು ಜನರಲ್ಲಿ ನಿಂತು ಓದುವವರು ಎಷ್ಟು ಮಂದಿ? ಕಲ್ಲು ತಾನಾಗಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ; ಅದರ ಮುಂದೆ ನಿಂತು ಓದುವವರಿದ್ದಾಗ ಮಾತ್ರ ಅದು ಸ್ಮಾರಕ.

ಧರ್ಮಕೇಂದ್ರವೊಂದಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಬಲ್ಲನು, ಒಂದೊಂದನ್ನೂ ಹೆಸರು ಹಿಡಿದು ಕರೆಯುವನು ಎಂದು ನಾವು ಚಿಕ್ಕಂದಿನಲ್ಲೇ ಉಪದೇಶದಲ್ಲಿ ಕಲಿತೆವು. ದೇವರ ಲೆಕ್ಕದಲ್ಲಿ ಸಂಖ್ಯೆಗಳಿಲ್ಲ, ಹೆಸರುಗಳಿವೆ. ನಮ್ಮ ಲೆಕ್ಕವೂ ಹಾಗೆಯೇ ಇರಬೇಕಲ್ಲವೆ? ಶತಮಾನೋತ್ಸವದ ಈ ವರ್ಷ ದಾನಿಗಳ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆ. ಅದು ಯೋಗ್ಯವಾದುದೇ. ಜೊತೆಗೆ, ಈ ದೇವಾಲಯದ ಅಡಿಪಾಯಕ್ಕೆ ಮಣ್ಣು ಹೊತ್ತು ಕೂಲಿ ಪಡೆದು ಹೋದವರ, ಊರು ಬಿಟ್ಟು ದಂಡಿಗೋ ತೋಟಗಳಿಗೋ ಹೋಗಿ ಮರಳಿ ಬಾರದವರ, ಗೋರಿಗೆ ಕಲ್ಲು ಹಾಕಿಸಲಾಗದೆ ಬರಿಯ ಮಣ್ಣಿನಲ್ಲಿ ಮಲಗಿದವರ ಹೆಸರುಗಳನ್ನೂ ಹುಡುಕೋಣ. ಹಳೆಯ ದಾಖಲೆ ಪುಸ್ತಕಗಳ ಹುಳು ತಿಂದ ಹಾಳೆಗಳನ್ನು ಬಿಡಿಸಿ ನೋಡೋಣ. ಮನೆಮನೆಯ ಹಿರಿಯರನ್ನು, ಅವರು ಇನ್ನೂ ನಮ್ಮೊಡನೆ ಇರುವಾಗಲೇ, ಕೇಳಿ ಬರೆದುಕೊಳ್ಳೋಣ. ಸಿಕ್ಕಷ್ಟು ಹೆಸರುಗಳನ್ನು ಬರುವ ನವೆಂಬರ್ 2ರ ಪೂಜೆಯಲ್ಲಿ ಒಂದೊಂದಾಗಿ ಓದಿಸೋಣ. ಎಷ್ಟು ಹೊತ್ತು ಹಿಡಿದರೂ ಚಿಂತೆಯಿಲ್ಲ.

ನ್ಯೂವ್ ಶಾಪೆಲ್ಲಿನ ಗೋಡೆಯ ಮೇಲಿರುವವರಲ್ಲಿ ನಮ್ಮ ಊರಿನವರು ಯಾರೂ ಇರಲಾರರು. ಆದರೂ ಅಂದು ಅವರನ್ನೂ ಸ್ಮರಿಸೋಣ. ಬಸ್ರಾದಲ್ಲಿ ಬರಿಯ ಅಂಕೆಗಳಾಗಿ ಉಳಿದವರನ್ನು ಮೊದಲು ಸ್ಮರಿಸೋಣ. ಅವರ ಹೆಸರನ್ನು ಮನುಷ್ಯರು ಬರೆಯಲಿಲ್ಲ. ಬಲ್ಲವನೊಬ್ಬನು ಬಲ್ಲನು. ಆತನು ಅವರಿಗೆ ನಿತ್ಯಶಾಂತಿಯನ್ನು ದಯಪಾಲಿಸಲಿ.